ನೆರಳಿನ ಹುದ್ದೆಗೆ ಅರ್ಜಿಯೇ ಹಾಕದ ಪ್ಲಮ್ ಯೂ ಅವರಿಗೆ ಬಹಿರಂಗ ಪತ್ರ

ಇವರಿಗೆ,
ಶ್ರೀ ಪ್ಲಮ್ ಯೂ ಅವರು,
ಶಾಸ್ತ್ರೀಯ ನಾಮ: ಸೆಫಲೋಟ್ಯಾಕ್ಸಸ್ ಹ್ಯಾರಿಂಗ್ಟೋನಿಯಾ,
ಮೂಲ ಮನೆ: ಜಪಾನ್ ಮತ್ತು ಕೊರಿಯದ ಕಾಡು

ಇವರಿಂದ,
ಉಡುಪಿ ಜಿಲ್ಲೆಯ ಒಬ್ಬ ತೆರಿಗೆದಾರ

ವಿಷಯ: ಉಡುಪಿ, ಮಣಿಪಾಲ, ಕಾಪು, ಕಾರ್ಕಳ ವಲಯದಲ್ಲಿ ತೆರವಾಗಿರುವ ‘ನೆರಳು ತಾಳುವ ನಿತ್ಯಹಸುರು ಪೊದೆ’ ಹುದ್ದೆಗೆ ತಮ್ಮನ್ನು ಆಹ್ವಾನಿಸುವ ಕುರಿತು.

ಮಾನ್ಯರೇ,

ನೀವು ಅರ್ಜಿ ಹಾಕಿಲ್ಲ, ನಾವು ಜಾಹೀರಾತು ಕೊಟ್ಟಿಲ್ಲ. ಆದರೂ ನಿಮ್ಮ ಹೆಸರು ನಮ್ಮ ಆಯ್ಕೆ ಪಟ್ಟಿಯ ತುದಿಗೆ ಬಂದು ಕೂತಿದೆ. ಇಲ್ಲಿ ಒಳ್ಳೆಯ ಹುದ್ದೆಗಳೆಲ್ಲ ತುಂಬುವುದೇ ಹೀಗೆ, ಆಶ್ಚರ್ಯಪಡಬೇಡಿ.

ಹುದ್ದೆಯ ವಿವರ ಹೇಳುತ್ತೇನೆ. ಮಣಿಪಾಲದ ಬಹುಮಹಡಿ ಕಟ್ಟಡಗಳ ಬುಡ, ಉಡುಪಿಯಲ್ಲಿ ಎರಡು ಕಾಂಪೌಂಡುಗಳ ನಡುವೆ ಉಳಿದ ಓಣಿ, ಕಾಪುವಿನಲ್ಲಿ ಗಲ್ಫ್ ದುಡ್ಡಿನಲ್ಲಿ ಎದ್ದ ಮನೆಗಳ ಹಿಂಬದಿ, ಕಾರ್ಕಳದ ಹೊಸ ಲೇಔಟುಗಳ ಮೂಲೆ. ಇಲ್ಲೆಲ್ಲ ಬಿಸಿಲು ನೆಟ್ಟಗೆ ಬೀಳದ ಪಟ್ಟಿಗಳು ಹುಟ್ಟಿಕೊಂಡಿವೆ. ಆ ಪಟ್ಟಿಗಳಿಗೊಂದು ಪೊದೆ ಬೇಕು. ಅದು ವರ್ಷಪೂರ್ತಿ ಹಸುರಾಗಿರಬೇಕು. ಎಲೆ ಉದುರಿಸಿ ಇಂಟರ್‌ಲಾಕ್ ಅಂಗಳವನ್ನು ಗಲೀಜು ಮಾಡಬಾರದು. ಆಳೆತ್ತರ ಮೀರಬಾರದು. ಹುಳ ಹಿಡಿಯಬಾರದು, ಹಾವಿಗೆ ಮನೆಯಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಗೆಲಸಕ್ಕೆ ಬರುವ ಅಕ್ಕ ಅದನ್ನು ನೋಡಿ ‘ಇದು ನಮ್ಮ ಗುಡ್ಡೆಯಲ್ಲಿ ರಾಶಿ ಉಂಟಲ್ಲ’ ಎನ್ನಬಾರದು. ಅವಳು ಹಾಗೆಂದ ದಿನವೇ ಗಿಡದ ಮರ್ಯಾದೆ ಹೋಯಿತು, ಜೊತೆಗೆ ಅದನ್ನು ಸೂಚಿಸಿದ ಲ್ಯಾಂಡ್‌ಸ್ಕೇಪ್ ಸಾಹೇಬರದ್ದೂ.

ಈ ಕೊನೆಯ ಅರ್ಹತೆಯಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ನಿಮ್ಮ ಬಯೋಡೇಟಾ ತರಿಸಿ ಓದಿದ್ದೇನೆ. 1829ರಲ್ಲಿ ಸೀಬೋಲ್ಡ್ ಎಂಬ ಜರ್ಮನ್ ವೈದ್ಯರು ನಿಮ್ಮನ್ನು ಜಪಾನಿನಿಂದ ಯುರೋಪಿಗೆ ಕರೆದೊಯ್ದರು. ಇಂಗ್ಲೆಂಡಿನ ಹ್ಯಾರಿಂಗ್ಟನ್ ಪ್ರಭುಗಳು ತಮ್ಮ ತೋಟದಲ್ಲಿ ನಿಮ್ಮನ್ನು ಬೆಳೆಸಿದರು, ಅವರ ಹೆಸರೇ ನಿಮಗೆ ಅಂಟಿಕೊಂಡಿತು. ನಿಜವಾದ ಯೂ ಮರಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳ ಸೆಖೆ ಆಗಿಬರುವುದಿಲ್ಲವೆಂದು ಅಲ್ಲಿಯವರು ಅದರ ಜಾಗಕ್ಕೆ ನಿಮ್ಮನ್ನು ನೇಮಿಸಿಕೊಂಡರು. ನೆಲಕ್ಕೆ ಒರಗಿ ಹರಡುವ ಪ್ರಾಸ್ಟ್ರೇಟಾ, ಕಂಬದ ಹಾಗೆ ನೆಟ್ಟಗೆ ನಿಲ್ಲುವ ಫಾಸ್ಟಿಜಿಯಾಟಾ, ಉತ್ತರ ಕ್ಯಾರೊಲಿನಾದ ಡ್ಯೂಕ್ ಗಾರ್ಡನ್ಸ್ ಹೆಸರು ಹೊತ್ತ ಇನ್ನೊಂದು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಗತ್ತು. ದೊಡ್ಡ ಮರದ ಅಡಿಯಲ್ಲಿ ಕಡು ಹಸುರು ಎಲೆ ಹೊತ್ತು ದಶಕಗಟ್ಟಲೆ ತಕರಾರಿಲ್ಲದೆ ನಿಲ್ಲುತ್ತೀರಂತೆ. ಇಂಥ ನೌಕರ ಯಾರಿಗೆ ಬೇಡ?

ಆದರೆ ಸಂದರ್ಶನ ಅಂತ ಒಂದು ಶಾಸ್ತ್ರ ಆಗಬೇಕಲ್ಲ ಮಾರಾಯ್ರೆ. ಕೆಲವು ಪ್ರಶ್ನೆಗಳಿವೆ.

ಮೊದಲನೆಯದು ಹವೆ. ನೀವು ಮೈನಸ್ 20 ಡಿಗ್ರಿಯ ಆಸುಪಾಸಿನ ಚಳಿಯನ್ನೂ ತಡೆದುಕೊಳ್ಳುತ್ತೀರಿ ಎಂದು ಬರೆದಿದೆ. ಸಂತೋಷ. ಆದರೆ ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಪಾದರಸ 20ಕ್ಕೆ ಇಳಿಯಿತೆಂದರೆ ಹಿರಿಯರ ಮಫ್ಲರ್, ಮಂಕಿ ಕ್ಯಾಪ್ ಹೊರಗೆ ಬರುತ್ತವೆ. ಇಲ್ಲಿ ಚಳಿಗಾಲ ಇಲ್ಲ. ಮಳೆಗಾಲ ಉಂಟು, ಮಳೆಗಾಲಕ್ಕೆ ಕಾಯುವ ಕಾಲವೊಂದು ಉಂಟು. ವರ್ಷಕ್ಕೆ 4,000 ಮಿಲಿಮೀಟರ್‌ನ ಸುತ್ತಮುತ್ತ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೀರು ನಿಂತ ನೆಲದಲ್ಲಿ ನಿಮ್ಮ ಬೇರು ಕೊಳೆಯುತ್ತದೆ ಎಂದು ನಿಮ್ಮ ಬಯೋಡೇಟಾದಲ್ಲೇ ಇದೆ. ನಮ್ಮ ಕಾಂಪೌಂಡಿನ ಒಳಗೆ ಜುಲೈಯಲ್ಲಿ ನೀರು ನಿಲ್ಲದ ಜಾಗವೆಂದರೆ ಕಾರಿನ ಛಾವಣಿ ಮಾತ್ರ.

ಎರಡನೆಯದು ದಿಕ್ಕು. ನಿಮ್ಮನ್ನು ಮನೆಯ ಉತ್ತರ ಗೋಡೆಯ ಬದಿಗೆ ನೆಡಬೇಕು, ಅಲ್ಲಿ ಸದಾ ನೆರಳು ಎಂದು ನಿಮ್ಮ ಕಡೆಯ ಪುಸ್ತಕಗಳು ಹೇಳುತ್ತವೆ. ಲಂಡನ್ನಿಗೆ ಅದು ಸರಿ. ಉಡುಪಿ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ಸ್ವಲ್ಪ ಮೇಲೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಜೂನ್ ನಂತರ ಮೋಡ ಮುಸುಕಿದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಮಾತ್ರ, ಬಾವಿಯ ತಳ ಕಾಣುವ ಹೊತ್ತಿಗೆ ಸರಿಯಾಗಿ, ‘ಸದಾ ನೆರಳಿನ’ ಉತ್ತರ ಗೋಡೆಗೆ ನೆತ್ತಿ ಬಿಸಿಲು ಬಡಿಯುತ್ತದೆ. ಹನ್ನೊಂದು ತಿಂಗಳು ತಂಪಿನಲ್ಲಿ ಕೂರಿಸಿ ಹನ್ನೆರಡನೆಯ ತಿಂಗಳು ಕಾವಲಿಗೆ ಹಾಕುವ ಈ ಉದ್ಯೋಗದ ಷರತ್ತನ್ನು ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ.

ಮೂರನೆಯದು ಶತ್ರುಗಳು. ಜಿಂಕೆ ನಿಮ್ಮನ್ನು ಮುಟ್ಟುವುದಿಲ್ಲ ಎಂಬುದು ನಿಮ್ಮ ದೊಡ್ಡ ಹೆಗ್ಗಳಿಕೆ. ಅಮೆರಿಕದ ಹಿತ್ತಿಲುಗಳಲ್ಲಿ ಅದಕ್ಕೆ ಬೆಲೆ ಇರಬಹುದು. ಕಾರ್ಕಳದಿಂದ ಘಟ್ಟದ ಬುಡದವರೆಗಿನ ತೋಟದವರನ್ನು ಕೇಳಿ ನೋಡಿ, ಜಿಂಕೆಯ ಹೆಸರು ಅವರ ದೂರಿನ ಪಟ್ಟಿಯಲ್ಲಿ ತೀರಾ ಕೆಳಗೆ. ಮಂಗ, ಕಾಡುಹಂದಿ, ನವಿಲು, ಕಾಡುಕೋಣ, ಇವು ನಮ್ಮ ಪರೀಕ್ಷಕರು. ಮಂಗ ತಿನ್ನುವುದಕ್ಕೇ ಕೀಳುತ್ತದೆ ಅಂತಿಲ್ಲ, ಕಿತ್ತು ನೋಡಿ ಬಿಸಾಡುವುದಕ್ಕೂ ಕೀಳುತ್ತದೆ. ಈ ವಿಷಯದಲ್ಲಿ ನಿಮ್ಮ ಅನುಭವ ಪತ್ರ ಲಗತ್ತಿಸಿಲ್ಲ.

ನಾಲ್ಕನೆಯದು ಸಂತಾನ. ನಿಮ್ಮಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪ್ಲಮ್ಮಿನಂಥ ಕಾಯಿ ಹಣ್ಣಾಗಲು ಹೆಚ್ಚುಕಡಿಮೆ ಎರಡು ವರ್ಷ, ಅಂದರೆ ಉಡುಪಿಯ ಲೆಕ್ಕದಲ್ಲಿ ಒಂದು ಪರ್ಯಾಯ. ಒಂದು ಮಠದ ಸ್ವಾಮೀಜಿ ಸರ್ವಜ್ಞ ಪೀಠವೇರುವಾಗ ಕಚ್ಚಿದ ಕಾಯಿ ಅವರು ಇಳಿಯುವಾಗ ಹಣ್ಣು. ಈ ನಿಧಾನವನ್ನು ನಾವು ಮೆಚ್ಚುತ್ತೇವೆ, ಏಕೆಂದರೆ ಅದು ವಿದೇಶದ್ದು. ಇದೇ ಸ್ವಭಾವ ನಮ್ಮ ಪುನರ್ಪುಳಿಗೂ ಉಂಟು. ಅದರಲ್ಲೂ ಗಂಡು ಬೇರೆ, ಹೆಣ್ಣು ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಅರ್ಧಕ್ಕರ್ಧ ಗಂಡಾಗುತ್ತವೆ, ಅದು ತಿಳಿಯುವುದಕ್ಕೆ ಏಳೆಂಟು ವರ್ಷ ಕಾಯಬೇಕು. ಅದೂ ನಿತ್ಯಹಸುರು, ಅದೂ ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವಂಥದ್ದು. ಕೊಂಬೆಗಳು ಬಾಗಿ ಗೋಪುರದ ಆಕಾರ ತಾನಾಗಿಯೇ ಬರುತ್ತದೆ, ಕತ್ತರಿ ಹಿಡಿದ ಮಾಲಿ ಬೇಡ. ಹೆಣ್ಣು ಮರದ ಕಸಿ ಗಿಡ ತಂದರೆ ಕಾಯುವ ತಾಪತ್ರಯವೂ ಇಲ್ಲ. ಮೇ ತಿಂಗಳಲ್ಲಿ ಶರಬತ್ತು, ವರ್ಷವಿಡೀ ಸಾರು. ಆದರೆ ಅದನ್ನು ಗೇಟಿನ ಬಳಿ ನೆಟ್ಟರೆ ಬಂದವರು ‘ಓ, ಪುನರ್ಪುಳಿ’ ಎಂದುಬಿಡುತ್ತಾರೆ. ಅನರ್ಹ.

ಐದನೆಯದು ವಿದ್ಯಾರ್ಹತೆ. ನಿಮ್ಮ ಮೈಯಲ್ಲಿರುವ ಹೋಮೋಹ್ಯಾರಿಂಗ್ಟೋನಿನ್ ಎಂಬ ಸಾರ ರಕ್ತದ ಕ್ಯಾನ್ಸರಿಗೆ ಮದ್ದು ಎಂದು ಚೀನಾದಲ್ಲಿ ದಶಕಗಳ ಕೆಲಸ ನಡೆಯಿತು. ಅದೇ ಅಣುವನ್ನು ಅಮೆರಿಕದ ಎಫ್‌ಡಿಎ ಒಮಾಸೆಟಾಕ್ಸಿನ್ ಎಂಬ ಹೆಸರಿನಲ್ಲಿ 2012ರಲ್ಲಿ ಒಂದು ಬಗೆಯ ಲ್ಯುಕೇಮಿಯಕ್ಕೆ ಒಪ್ಪಿತು. ಮಣಿಪಾಲದಂಥ ಊರಿನಲ್ಲಿ ಇದಕ್ಕೆ ತುಂಬ ಗೌರವ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಊರು ಅದು. ಎಂಡಿ ಮಾಡಿದ ಗಿಡಕ್ಕೆ ಅಲ್ಲಿ ಕುರ್ಚಿ ಸಿಗದೇ ಇರುತ್ತದೆಯೇ? ಇದೇ ಗೌರವಕ್ಕೆ ನಮ್ಮ ಘಟ್ಟದ ಕಾಡಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ, ದುರ್ವಾಸನೆ ಮರ ಎಂದು ಹೆಸರು. ದೊಡ್ಡ ಮರಗಳ ಕೆಳಗೆ ನೆರಳಿನಲ್ಲೇ ಬೆಳೆಯುವ ಸಣ್ಣ ಮರ ಅದು. ಕೆಲವು ಕ್ಯಾನ್ಸರ್ ಔಷಧಗಳ ತಾಯಿಯಾದ ಕ್ಯಾಂಪ್ಟೋಥೆಸಿನ್ ಅದರಲ್ಲಿ ಇದೆ ಎಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ನಾವು ಕೊಟ್ಟ ಬಹುಮಾನ ಏನೆಂದರೆ ಕಾಡಿಗೆ ಹೋಗಿ ಬುಡಸಮೇತ ಕಡಿದು, ಚೀಲ ತುಂಬಿ ಲಾರಿಗೆ ಹೇರಿದ್ದು. ನಿಮ್ಮನ್ನು ಮಾತ್ರ ಹೂಕುಂಡದಲ್ಲಿಟ್ಟು ಹನಿ ನೀರಾವರಿ ಮಾಡಿಸುತ್ತೇವೆ, ಹೆದರಬೇಡಿ.

ಈಗ ಈ ಹುದ್ದೆ ತೆರವಾದದ್ದು ಹೇಗೆ ಎಂಬ ಸೂಕ್ಷ್ಮ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಸೇರುವವರಿಗೆ ಹಿಂದಿನವರ ಕಥೆ ಗೊತ್ತಿರಬೇಕು.

ನಿಮಗಿಂತ ಮೊದಲು ಇಲ್ಲಿ ಈ ಕೆಲಸವನ್ನು ಮಾಡುತ್ತಿದ್ದದ್ದು ಕೇಪುಳ ಮತ್ತು ಬಳಗ. ಅವರ ಕಚೇರಿ ನಾಗಬನ. ಹಳೆಯ ಮನೆತನಗಳ ಜಾಗದ ಒಂದು ಮೂಲೆಯಲ್ಲಿ ಹೊನ್ನೆ, ಸುರಗಿ, ರೆಂಜೆ, ಪಾಲೆ ಮರಗಳು ಒಂದಕ್ಕೊಂದು ತಲೆ ತಾಗಿಸಿ ನಿಂತಿರುತ್ತಿದ್ದವು. ಅವುಗಳ ಕೆಳಗೆ ಮೊಣಕಾಲು ಹುಗಿಯುವಷ್ಟು ತರಗೆಲೆ, ಆ ತರಗೆಲೆಯಿಂದ ಏಳುವ ಕೇಪುಳದ ಪೊದೆ, ಬಳ್ಳಿ, ಬೆತ್ತ, ಸರ್ಪಗಂಧ. ಅಲ್ಲಿ ಕತ್ತಿ ಹಾಕಬಾರದು, ಒಣ ಕೊಂಬೆಯನ್ನೂ ತರಬಾರದು ಎಂಬುದು ಕಟ್ಟಳೆ. ನಾಗರಪಂಚಮಿಗೆ ತನು ಎರೆಯುವುದಕ್ಕೆ, ತಂಬಿಲಕ್ಕೆ ಒಳಗೆ ಹೋಗಿ ಬಂದರೆ ಮುಗಿಯಿತು, ಉಳಿದ ದಿನ ಮನುಷ್ಯರ ಉಪದ್ರ ಇಲ್ಲ. ನೆರಳು ತಾಳುವ ನಿತ್ಯಹಸುರು ಪೊದೆಯನ್ನು ಬೆಳೆಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಸುಲಭದ ವಿಧಾನವನ್ನು ಯಾವ ತೋಟಗಾರಿಕಾ ಕಾಲೇಜೂ ಇನ್ನೂ ಹೇಳಿಕೊಟ್ಟಿಲ್ಲ.

ಆದರೆ ಕಾಲ ಬದಲಾಯಿತು. ಬನ ಕಾಡಾಗಿ ಕಂಡಿತು. ‘ಜೀರ್ಣೋದ್ಧಾರ’ ನಡೆಯಿತು. ಮರ ಇಳಿಸಿದೆವು, ಪೊದೆ ಸವರಿದೆವು, ಕಲ್ಲಿಗೆ ಕಟ್ಟೆ ಕಟ್ಟಿಸಿ ಸುತ್ತ ಗ್ರಾನೈಟ್ ಹಾಸಿದೆವು. ಮೊದಲ ಏಪ್ರಿಲ್‌ನಲ್ಲೇ ಗ್ರಾನೈಟ್ ಕಾದು ಬರಿಗಾಲಿನ ಪ್ರದಕ್ಷಿಣೆ ಓಟವಾಯಿತು. ಆಗ ನೆರಳಿಗೆ ತಗಡಿನ ಶೀಟು ಹಾಕಿಸಿದೆವು, ದಾನಿಗಳ ಹೆಸರು ಕಂಬದ ಮೇಲೆ ಕೆತ್ತಿಸಿದೆವು. ಈಗ ಸುತ್ತ ಬೋಳಾಗಿ ಕಾಣುತ್ತದೆಂದು ಅಲ್ಲಿಗೊಂದು ಅಂದದ ಪೊದೆ ಬೇಕಂತೆ. ನಿಮ್ಮ ಹೆಸರು ಅಲ್ಲೂ ಪ್ರಸ್ತಾಪಕ್ಕೆ ಬಂದರೆ ಅದನ್ನು ನಮ್ಮ ಭಕ್ತಿ ಎಂದೇ ತಿಳಿಯಿರಿ.

ಕೇಪುಳಕ್ಕೆ ಆದ ಅವಮಾನ ಇಷ್ಟಕ್ಕೆ ಮುಗಿಯಲಿಲ್ಲ. ದೇವಿಯ ಪೂಜೆಗೆ ಅದರ ಕೆಂಪು ಹೂ ಬೇಕು, ಭೂತಕೋಲದ ಅಲಂಕಾರಕ್ಕೆ ಪಿಂಗಾರದ ಜೊತೆ ಅದು ಇರಲೇಬೇಕು, ಅದರ ಹಣ್ಣು ಶಾಲೆಯಿಂದ ಬರುವ ಮಕ್ಕಳ ತಿಂಡಿ. ಮನೆ ಕಟ್ಟುವ ಮೊದಲ ದಿನ ಜೆಸಿಬಿ ಬಂದು ಸೈಟಿನಲ್ಲಿದ್ದ ಕೇಪುಳವನ್ನೆಲ್ಲ ‘ಪೊದೆ ತೆಗೆಯುವುದು’ ಎಂಬ ಲೆಕ್ಕದಲ್ಲಿ ಎತ್ತಿ ಹಾಕುತ್ತದೆ. ಗೃಹಪ್ರವೇಶದ ಹಿಂದಿನ ವಾರ ನರ್ಸರಿಯಿಂದ ಸಾಲುಸಾಲು ಕವರುಗಳು ಬರುತ್ತವೆ. ಅದರ ಮೇಲೆ ‘ಮಿನಿ ಇಕ್ಸೋರಾ’ ಎಂದು ಬರೆದಿರುತ್ತದೆ. ಕೇಪುಳದ ಕುಟುಂಬದವರೇ, ಚೀನಾ ಕಡೆಯ ಗಿಡ್ಡ ದಾಯಾದಿ. ಮೊದಲನೆಯದನ್ನು ತೆಗೆಸುವುದಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಎರಡನೆಯದನ್ನು ಕೂರಿಸುವುದಕ್ಕೆ ಗಿಡದ ಲೆಕ್ಕದಲ್ಲಿ ದುಡ್ಡು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಈ ಸುತ್ತಿನ ಗಿಡಗಳನ್ನೆಲ್ಲ ಹುಡುಕಿ ದಾಖಲಿಸಿ ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥ ತಂದದ್ದು 2003ರಲ್ಲಿ. ನಮ್ಮ ಸೈಟಿನಿಂದ ನಾವು ಏನೇನು ಕಿತ್ತು ಹಾಕಿದೆವು ಎಂಬುದರ ಅಧಿಕೃತ ಪಟ್ಟಿಯಾಗಿ ಅದು ಈಗ ಬಹಳ ಉಪಯುಕ್ತ.

ಇಷ್ಟೆಲ್ಲ ಹೇಳಿದ ಮೇಲೂ ನೀವು ‘ನೆರಳು ಇದ್ದರೆ ಸಾಕು, ಬರುತ್ತೇನೆ’ ಎನ್ನಬಹುದು. ಅಲ್ಲೇ ಇರುವುದು ತೊಡಕು. ನೀವು ಹೇಳುವ ನೆರಳು ಮರದ್ದು, ನಾವು ಕೊಡುವುದು ಕಟ್ಟಡದ್ದು. ಮರದ ನೆರಳು ಎಲೆಗಳ ನಡುವಿನಿಂದ ಚುಕ್ಕಿ ಚುಕ್ಕಿ ಬೆಳಕನ್ನು ಬಿಡುತ್ತದೆ, ಗಾಳಿಯನ್ನು ತಂಪು ಮಾಡುತ್ತದೆ, ಎಲೆ ಉದುರಿಸಿ ಬುಡಕ್ಕೆ ಗೊಬ್ಬರ ಹಾಕುತ್ತದೆ, ಮಳೆಹನಿಯ ಹೊಡೆತ ತಗ್ಗಿಸುತ್ತದೆ. ಕಟ್ಟಡದ ನೆರಳು ಬೆಳಕನ್ನು ತಡೆಯುತ್ತದೆ, ಅಷ್ಟೇ. ಎದುರು ಗೋಡೆಯ ಗಾಜು ಕಾವನ್ನು ತಿರುಗಿಸಿ ಕಳಿಸುತ್ತದೆ. ಏಸಿಯ ಹೊರಗಿನ ಪೆಟ್ಟಿಗೆ ರಾತ್ರಿಯಿಡೀ ಬಿಸಿ ಉಸಿರು ಬಿಡುತ್ತದೆ. ಮೇಲಿನ ಮಾಡಿನ ನೀರೆಲ್ಲ ಒಂದೇ ಪೈಪಿನಲ್ಲಿ ಬಂದು ನಿಮ್ಮ ನೆತ್ತಿಗೇ ಬೀಳುತ್ತದೆ. ಬುಡದಲ್ಲಿ ಮಣ್ಣೆಂದು ಇರುವುದು ಜಲ್ಲಿ, ಸಿಮೆಂಟು ಹುಡಿ, ಟೈಲ್ಸ್ ಚೂರು. ಹೆದ್ದಾರಿ 66 ಅಗಲವಾಗುವಾಗ ಸಾಲುಮರಗಳು ಹೋದವು, ಲೇಔಟುಗಳು ಬರುವಾಗ ಗುಡ್ಡೆಯ ಮರಗಳು ಹೋದವು. ನೆರಳನ್ನೇ ಕಡಿದು ಹಾಕಿದ ಮೇಲೆ ನೆರಳು ಪ್ರೀತಿಸುವ ಗಿಡ ಎಲ್ಲಿ ಸಿಗುತ್ತದೆ ಎಂದು ಹುಡುಕಾಟ ಶುರುವಾಗಿದೆ. ಈ ಹುದ್ದೆ ತೆರವಾದದ್ದು ಹೀಗೆ. ಹಿಂದಿನವರು ರಾಜೀನಾಮೆ ಕೊಟ್ಟದ್ದಲ್ಲ, ಕಚೇರಿಯೇ ನೆಲಸಮವಾದದ್ದು.

ಆದರೂ ನಮ್ಮ ಊರುಗಳಿಗೆ ಬಂದರೆ ಎಲ್ಲೆಲ್ಲಿ ವಸತಿ ಸಿಗಬಹುದು ಎಂದು ವಿಚಾರಿಸಿದ್ದೇನೆ.

ಕಾಪುವಿನಲ್ಲಿ ಹೊಯಿಗೆ ನೆಲ, ನೀರು ನಿಲ್ಲುವುದಿಲ್ಲ, ಅಷ್ಟರಮಟ್ಟಿಗೆ ನಿಮಗೆ ಅನುಕೂಲ. ಆದರೆ 1901ರ ದೀಪಸ್ತಂಭದ ಕಡೆಯಿಂದ ಬರುವ ಉಪ್ಪುಗಾಳಿಗೆ ಬೇಸಾಯಗಾರರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಕಡಲಿನ ಬದಿಗೆ ಹೊನ್ನೆ, ಮುಂಡಕ, ಅದರ ಹಿಂದೆ ತೆಂಗು, ತೆಂಗಿನ ಅರೆನೆರಳಿನಲ್ಲಿ ಅಬ್ಬಲಿಗೆ. ಒಳಗೆ ಶಂಕರಪುರದ ಕಡೆ ಹೋದರೆ ಮಲ್ಲಿಗೆಯ ರಾಜ್ಯ. ಅದಕ್ಕೆ ಪೂರ್ಣ ಬಿಸಿಲು ಬೇಕು. ಇವತ್ತು ಅಟ್ಟೆಗೆ ಎಷ್ಟು ಎಂದು ದಿನವೂ ಕೇಳಿಸಿಕೊಳ್ಳುವ ಗಿಡದ ಎದುರು, ಹೂವೇ ಬಿಡದೆ ಹಸುರಾಗಿ ನಿಲ್ಲುವ ನಿಮಗೆ ಮುಜುಗರವಾದೀತು.

ಕಾರ್ಕಳದಲ್ಲಿ 1432ರಿಂದ ಬಾಹುಬಲಿ ಸ್ವಾಮಿ 42 ಅಡಿ ಎತ್ತರಕ್ಕೆ ಬಂಡೆಯ ಮೇಲೆ ಬಿಸಿಲಿನಲ್ಲೇ ನಿಂತಿದ್ದಾರೆ. ಕಾಲು, ತೋಳಿಗೆ ಬಳ್ಳಿ ಹಬ್ಬಿದೆ. ನೀರು, ಗೊಬ್ಬರ, ಮಾಲಿ ಯಾವುದೂ ಬೇಡದ, ಎಲೆ ಉದುರಿಸದ, ಮಂಗ ತಿನ್ನದ, ಶತಮಾನಗಳಿಂದ ಒಂದಿಂಚೂ ಮೀರಿ ಬೆಳೆಯದ ಗಿಡ ಇಡೀ ಜಿಲ್ಲೆಯಲ್ಲಿ ಅದೊಂದೇ, ಕಲ್ಲಿನದ್ದು. ನಮ್ಮ ಗ್ರಾಹಕರ ಷರತ್ತುಗಳೆಲ್ಲ ಅದಕ್ಕೆ ಸರಿಹೊಂದುತ್ತವೆ.

ಮಣಿಪಾಲದಲ್ಲಿ ನಿಮ್ಮ ಕಡೆಯವರು ಸಿಗಬಹುದು. ಪೆಸಿಫಿಕ್ ದ್ವೀಪಗಳಿಂದ ಬಂದು ‘ಕ್ರಿಸ್‌ಮಸ್ ಮರ’ವಾದ ಅರೌಕೇರಿಯಾ ಅಂಗಳಗಳಲ್ಲಿದೆ. ನರ್ಸರಿಗೆ ಹೋಗಿ ನಿಮ್ಮ ಹೆಸರು ಹೇಳಿದರೆ ಪೊಡೊಕಾರ್ಪಸ್ ಕೈಗಿಟ್ಟು ‘ಎರಡೂ ಒಂದೇ’ ಎನ್ನುವ ಸಾಧ್ಯತೆಯೂ ಉಂಟು. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆದ ಶಂಕುಧಾರಿ ಇರುವುದು ಒಂದೇ ಒಂದು, ನೇಗಿಯಾ ವಾಲಿಚಿಯಾನಾ. ಅಗಲ ಎಲೆಯ ಆ ಮರ ನಿತ್ಯಹಸುರು ಕಾಡಿನ ನೆರಳಿನಲ್ಲೇ ಮೇಲೇಳುತ್ತದೆ. ಅದಕ್ಕೆ ಈವರೆಗೆ ಯಾವ ಅಪಾರ್ಟ್‌ಮೆಂಟಿನಿಂದಲೂ ಕರೆ ಬಂದಂತಿಲ್ಲ. ನಿಮ್ಮ ಸ್ವಂತ ದಾಯಾದಿಗಳೂ ಮೇಘಾಲಯದ ಖಾಸಿ ಬೆಟ್ಟದ ತಂಪಿನಲ್ಲಿ, ನಮಗಿಂತ ಜೋರು ಮಳೆಯಲ್ಲಿ ಬದುಕಿದ್ದಾರೆ. ಅವರನ್ನೂ ಯಾರೂ ಕರೆದಿಲ್ಲ. ಬೆಟ್ಟದಿಂದ ಬಂದವರು ಅತಿಥಿಗಳಲ್ಲ, ಹಡಗಿನಲ್ಲಿ ಬಂದವರು ಮಾತ್ರ ಅತಿಥಿಗಳು.

ಉಡುಪಿ ಪೇಟೆಯ ಓಣಿಗೆ ಮಾತ್ರ ಒಬ್ಬರು ಸದ್ದಿಲ್ಲದೆ ಬಂದು ಸೇರಿಕೊಂಡಿದ್ದಾರೆ, ಚಕ್ರಮುನಿ. ಮನೆಮಾತಿನಲ್ಲಿ ವಿಟಮಿನ್ ಸೊಪ್ಪು. ಅರೆನೆರಳಿನಲ್ಲಿ ಸದಾ ಹಸುರು, ಕತ್ತರಿಸಿದಷ್ಟು ಚಿಗುರು, ಕತ್ತರಿಸಿದ್ದು ತಂಬುಳಿಗೆ. ಬೇಲಿಯ ಆಕಾರ ತಪ್ಪದಂತೆ ನೋಡಿಕೊಳ್ಳುವವರು ಮಾಲಿಯಲ್ಲ, ಅಡುಗೆಮನೆಯವರು. ಆದರೆ ಕ್ಯಾಟಲಾಗಿನಲ್ಲಿ ಫೋಟೋ ಇಲ್ಲ.

ನಿಮಗಾಗಿ ಒಂದು ಗುಂಡಿಯ ವಿಧಾನವನ್ನೂ ಬರೆದಿಟ್ಟಿದ್ದೆ. ನೀವು ಬಾರದಿದ್ದರೂ ಅದು ವ್ಯರ್ಥವಾಗುವುದು ಬೇಡ. ಗೋಡೆಯಿಂದ ಮೂರಡಿ ಬಿಟ್ಟು ಎರಡಡಿ ಆಳಕ್ಕೆ ಅಗೆದು ಜಲ್ಲಿ, ಸಿಮೆಂಟನ್ನೆಲ್ಲ ಆರಿಸಬೇಕು. ಕೆಂಪು ಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಹೊಯಿಗೆ ಸೇರಿಸಿ ನೆಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ಏರಿ ಮಾಡಬೇಕು, ಆಗ ಜುಲೈಯ ನೀರು ಬುಡದಲ್ಲಿ ನಿಲ್ಲುವುದಿಲ್ಲ. ಮಾಡಿನ ಪೈಪನ್ನು ಬೇರೆ ಕಡೆಗೆ ತಿರುಗಿಸಬೇಕು. ಮೊದಲ ಮಳೆ ನೆಲ ತಂಪು ಮಾಡಿದ ಮೇಲೆ ನೆಟ್ಟು, ದೀಪಾವಳಿ ಕಳೆದ ಕೂಡಲೇ ಬುಡಕ್ಕೆ ಗೇಣುದ್ದ ತರಗೆಲೆ ಹೊದಿಸಬೇಕು. ಮೇ ತಿಂಗಳಿಗೆ ಉತ್ತರದ ಬಿಸಿಲು ತಡೆಯಲು ತೆಂಗಿನ ಮಡಲು ಚುಚ್ಚಿದರೆ ಸಾಕು. ಹೀಗೆ ಮಾಡಿದರೆ ಕೇಪುಳ ಬರುತ್ತದೆ, ಕಡು ನೆರಳಿನಲ್ಲಿ ಹೂ ಕಡಿಮೆ ಬಿಡುತ್ತದೆ ಅಷ್ಟೆ. ಅಬ್ಬಲಿಗೆ ಬರುತ್ತದೆ, ಸೀತಾ ಅಶೋಕ ನಿಧಾನಕ್ಕೆ ಬರುತ್ತದೆ. ಅದಕ್ಕೂ ಮೊದಲು ಜಾಗ ಇದ್ದಲ್ಲೆಲ್ಲ ಒಂದು ರೆಂಜೆಯನ್ನೋ ಹೊನ್ನೆಯನ್ನೋ ನೆಟ್ಟರೆ ಇಪ್ಪತ್ತು ವರ್ಷದಲ್ಲಿ ನಿಜವಾದ ನೆರಳೂ ಬರುತ್ತದೆ.

ಹಾಗಾಗಿ ಮಾನ್ಯರೇ, ಆಹ್ವಾನವನ್ನು ವಿನಯಪೂರ್ವಕ ಹಿಂತೆಗೆದುಕೊಳ್ಳುತ್ತಿದ್ದೇನೆ. ನಿಮ್ಮ ಯೋಗ್ಯತೆಯಲ್ಲಿ ಏನೂ ಕೊರತೆ ಇಲ್ಲ. ನಿಮ್ಮ ಊರಿನಲ್ಲಿ ಮರಗಳ ಅಡಿಯಲ್ಲಿ ಸುಖವಾಗಿದ್ದೀರಿ, ಮರಗಳನ್ನು ಉಳಿಸಿಕೊಂಡ ಊರಿನಲ್ಲೇ ಇರಿ. ನಮ್ಮಲ್ಲಿ ಹುದ್ದೆ ಇನ್ನೂ ಖಾಲಿ ಇದೆ. ಅದನ್ನು ತುಂಬುವ ಮೊದಲು ಕಚೇರಿ ಕಟ್ಟಬೇಕಾಗಿದೆ.

ಇತಿ ತಮ್ಮ ವಿಧೇಯ,
ಒಬ್ಬ ತೆರಿಗೆದಾರ

ಪ್ರತಿಗಳು, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ:

1. ಕೇಪುಳ ಅವರಿಗೆ: ಮರುನೇಮಕ ಪರಿಶೀಲನೆಯಲ್ಲಿದೆ. ಹಿಂದಿನ ಸೇವಾವಧಿಯ ಬಾಕಿ ಸಂಬಳವನ್ನು ದಯವಿಟ್ಟು ಕೇಳಬಾರದು, ಕೊಡುವಷ್ಟು ನಮ್ಮಲ್ಲಿಲ್ಲ.

2. ಪುನರ್ಪುಳಿ ಅವರಿಗೆ: ಗೇಟಿನ ಬಳಿ ನಿಲ್ಲಲು ಅನುಮತಿ ಇಲ್ಲ. ಶರಬತ್ತು ಮಾತ್ರ ಎಂದಿನಂತೆ ಒಳಗೆ ಕಳಿಸುವುದು.

3. ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯದರ್ಶಿಗಳಿಗೆ: ತರಗೆಲೆ ಕಸವಲ್ಲ. ಪ್ರತಿದಿನ ಗುಡಿಸಿ ಸುಟ್ಟು, ಪ್ರತಿ ತಿಂಗಳು ಗೊಬ್ಬರದ ಚೀಲ ಕೊಳ್ಳುವ ಪದ್ಧತಿಯ ಲೆಕ್ಕಪತ್ರವನ್ನು ಮಹಾಸಭೆಯಲ್ಲಿ ಮಂಡಿಸುವುದು.

4. ಜೆಸಿಬಿ ಚಾಲಕರಿಗೆ: ಅಣ್ಣ, ‘ಪೊದೆ ತೆಗೆಯಿರಿ’ ಎಂದು ಮಾಲೀಕರು ಹೇಳಿದಾಗ ಯಾವ ಪೊದೆ ಎಂದು ಒಮ್ಮೆ ಹೆಸರು ಕೇಳಿ. ಅವರು ಹೆಸರು ಹೇಳಲು ತಡಬಡಿಸುವಷ್ಟು ಹೊತ್ತು ಇಂಜಿನ್ ಆಫ್ ಮಾಡಿಟ್ಟರೂ ಉಪಕಾರವೇ.